ಜರ್ಮನಿಗೆ ಬಂದ ಪಿಎಲ್‌ಸಿ ಎಂಜಿನಿಯರ್ ಎಲ್ಲಿ ಕೇಳಬೇಕು, ಹೇಗೆ ಕೇಳಬೇಕು

ನಮಸ್ಕಾರ. ಪೀಣ್ಯದಲ್ಲಿ ನಾಲ್ಕು ವರ್ಷ ಸೀಮೆನ್ಸ್ ಪಿಎಲ್‌ಸಿ (ಕಾರ್ಖಾನೆಯ ಯಂತ್ರಗಳನ್ನು ನಡೆಸುವ ಕಂಟ್ರೋಲರ್) ಪ್ರೋಗ್ರಾಮಿಂಗ್ ಮಾಡಿ, ಈಗ ಸ್ಟುಟ್‌ಗಾರ್ಟ್ ಹತ್ತಿರ ಮಷೀನ್ ತಯಾರಿಸುವ ಕಂಪನಿಯೊಂದಕ್ಕೆ ಸೇರಿದ್ದೀರಿ. ಕೆಲಸದಲ್ಲಿ ಸಿಕ್ಕಿಹಾಕಿಕೊಂಡಾಗ ಯಾರನ್ನು ಕೇಳುವುದು, ಇಂಗ್ಲಿಷ್ ತಾಣಗಳೇ ಸಾಕೇ, ಜರ್ಮನ್ ಪೂರ್ತಿ ಬರದವರು ಇಲ್ಲಿನ ಎಂಜಿನಿಯರ್ ಬಳಗಗಳಲ್ಲಿ ಬಾಯಿ ಬಿಡಬಹುದೇ ಅಂತ ಕೇಳಿದ್ದೀರಿ. ಇಂಗ್ಲಿಷ್ ತಾಣಗಳಷ್ಟೇ ಸಾಲವು. ಜರ್ಮನ್ ಅರೆಬರೆ ಇದ್ದರೂ ಬಾಯಿ ಬಿಡಿ, ಆದರೆ ಕೇಳುವ ಮುಂಚೆ ಪೂರ್ವತಯಾರಿ ಮಾಡಿಕೊಂಡಿರಿ.

ಮೊದಲು ಹೋಗಬೇಕಾದದ್ದು ಎಸ್‌ಪಿಎಸ್-ಫೋರಮ್. ಪಿಎಲ್‌ಸಿಗೆ ಇಲ್ಲಿ ಎಸ್‌ಪಿಎಸ್ ಅನ್ನುತ್ತಾರೆ. ಚರ್ಚೆ ಬಹುತೇಕ ಜರ್ಮನ್‌ನಲ್ಲಿ, ಬರೆಯುವವರಲ್ಲಿ ಬಹಳಷ್ಟು ಮಂದಿ ದಿನಾ ಪ್ಯಾನಲ್ ಮುಂದೆ ನಿಂತು ಕೆಲಸ ಮಾಡುವವರು. ಎರಡನೆಯದು ಸೀಮೆನ್ಸ್‌ನದೇ ಇಂಡಸ್ಟ್ರಿ ಆನ್‌ಲೈನ್ ಸಪೋರ್ಟ್. ಅಲ್ಲಿ ಪ್ರತಿ ದಾಖಲೆಗೂ ಒಂದು ಎಂಟ್ರಿ ಐಡಿ ಸಂಖ್ಯೆ ಇರುತ್ತದೆ. ಮ್ಯಾನ್ಯುಅಲ್‌ನಲ್ಲಿ ಇಂಥದ್ದು ಓದಿದೆ ಎಂದು ಹೇಳುವಾಗ ಆ ಸಂಖ್ಯೆ ಬರೆದರೆ ಉತ್ತರಿಸುವವರು ನೇರವಾಗಿ ಅದೇ ಪುಟ ತೆರೆಯುತ್ತಾರೆ. ಪಿಎಲ್‌ಸಿ ಟಾಕ್ ಅಮೆರಿಕದ್ದು, ರಾಕ್‌ವೆಲ್ ಕಂಟ್ರೋಲರ್‌ಗಳಿಗೆ ಚೆನ್ನಾಗಿದೆ, ನಿಮ್ಮ ಈಗಿನ ಕೆಲಸಕ್ಕೆ ಅಷ್ಟಾಗಿ ಒದಗದು. ಬೋರ್ಡ್, ಸೆನ್ಸರ್ ಸರ್ಕ್ಯೂಟ್ ಮಟ್ಟದ ಪ್ರಶ್ನೆಯಾದರೆ ಮೈಕ್ರೋಕಂಟ್ರೋಲರ್ ಡಾಟ್ ನೆಟ್‌ಗೆ ಹೋಗಿ. ಅಲ್ಲಿ ತಿಳಿವಳಿಕೆ ಆಳ, ಮಾತು ಒರಟು. ಬೈದರೂ ಉತ್ತರ ಸರಿಯಿರುತ್ತದೆ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

ಇಲ್ಲಿನ ಹಳೆಯ ಚರ್ಚೆಗಳಿಂದ ಕೋಡ್ ಎತ್ತಿಕೊಳ್ಳುವಾಗ ಒಂದು ಅಪಾಯವಿದೆ, ಭಾರತದಿಂದ ಬಂದವರಿಗೆ ಇದನ್ನು ಯಾರೂ ಹೇಳಿರುವುದಿಲ್ಲ. ಪ್ರೋಗ್ರಾಮ್‌ನಲ್ಲಿ ಆಜ್ಞೆ, ವಿಳಾಸಗಳಿಗೆ ಬಳಸುವ ಸಂಕ್ಷಿಪ್ತ ಅಕ್ಷರಗಳಿಗೆ ನಿಮೋನಿಕ್ಸ್ ಅನ್ನುತ್ತಾರೆ. ನೀವು ಊರಲ್ಲಿ ಬಳಸಿದ್ದು ಇಂಟರ್‌ನ್ಯಾಷನಲ್ ನಿಮೋನಿಕ್ಸ್: ಇನ್‌ಪುಟ್ ಐ 0.0, ಔಟ್‌ಪುಟ್ ಕ್ಯೂ 4.0, ಆಂಡ್‌ಗೆ ಎ. ಇಲ್ಲಿನ ಸ್ಟೇಟ್‌ಮೆಂಟ್ ಲಿಸ್ಟ್‌ನಲ್ಲಿ (ಸಾಲಿಗೊಂದು ಆಜ್ಞೆ ಬರೆಯುವ ಭಾಷೆ) ಇನ್‌ಪುಟ್ ಇ 0.0, ಔಟ್‌ಪುಟ್ ಎ 4.0, ಆಂಡ್‌ಗೆ ಯು. ಕೌಂಟರ್ ಸಿ ಅಲ್ಲ, ಝೆಡ್. ಅಂದರೆ ಎ ಅಕ್ಷರ ಒಂದು ಕಡೆ ಆಂಡ್, ಇನ್ನೊಂದು ಕಡೆ ಔಟ್‌ಪುಟ್. ಇದು ಅಷ್ಟು ಕೆಟ್ಟದ್ದಲ್ಲ, ಏಕೆಂದರೆ ಕಂಪೈಲ್ ಮಾಡುವಾಗ ಎರರ್ ಬಂದು ಎಚ್ಚರಿಸುತ್ತದೆ. ಕೆಡುಕು ಇರುವುದು ಟೈಮರ್‌ನಲ್ಲಿ. ಜರ್ಮನ್ ನಿಮೋನಿಕ್ಸ್‌ನಲ್ಲಿ ಎಸ್‌ಇ ಅಂದರೆ ಆನ್-ಡಿಲೇ: ಇನ್‌ಪುಟ್ ಬಂದು ಹೊತ್ತು ಕಳೆದ ಮೇಲೆ ಔಟ್‌ಪುಟ್ ಆನ್. ಇಂಟರ್‌ನ್ಯಾಷನಲ್‌ನಲ್ಲಿ ಅದೇ ಎಸ್‌ಇ ಎಕ್ಸ್‌ಟೆಂಡೆಡ್ ಪಲ್ಸ್: ಇನ್‌ಪುಟ್ ಬಂದ ಕೂಡಲೇ ಔಟ್‌ಪುಟ್ ಆನ್ ಆಗಿ, ಇನ್‌ಪುಟ್ ಹೋದರೂ ಇಟ್ಟ ಹೊತ್ತು ಮುಗಿಯುವವರೆಗೆ ಆನ್ ಆಗಿಯೇ ಇರುತ್ತದೆ. ಆನ್-ಡಿಲೇಗೆ ಅಲ್ಲಿ ಎಸ್‌ಡಿ. ಎರರ್ ಬಂದ ಸಾಲುಗಳನ್ನೆಲ್ಲ ನೀವು ಕೈಯಲ್ಲಿ ತಿದ್ದುತ್ತೀರಿ, ಎಸ್‌ಇ ಇರುವ ಸಾಲು ಮಾತ್ರ ಎರಡೂ ಕಡೆ ಸರಿಯಾಗಿರುವುದರಿಂದ ಸದ್ದಿಲ್ಲದೆ ದಾಟಿಬಿಡುತ್ತದೆ. ಐದು ಸೆಕೆಂಡ್ ತಡೆದು ಶುರುವಾಗಬೇಕಿದ್ದ ಕನ್ವೇಯರ್ ತಕ್ಷಣ ಹೊರಡುತ್ತದೆ.

ಆದ್ದರಿಂದ ಕೈಯಲ್ಲಿ ತಿದ್ದಲೇಬೇಡಿ. ಸೀಮೆನ್ಸ್‌ನ ಹಳೆಯ ಪ್ರೋಗ್ರಾಮಿಂಗ್ ತಂತ್ರಾಂಶ ಸಿಮ್ಯಾಟಿಕ್ ಮ್ಯಾನೇಜರ್‌ನಲ್ಲಿ ಆಪ್ಷನ್ಸ್, ಕಸ್ಟಮೈಸ್, ಲ್ಯಾಂಗ್ವೇಜ್‌ಗೆ ಹೋಗಿ ನಿಮೋನಿಕ್ಸ್ ಜರ್ಮನ್ ಮಾಡಿ, ಸೋರ್ಸ್ ಕಂಪೈಲ್ ಮಾಡಿ, ಆಮೇಲೆ ಇಂಗ್ಲಿಷ್‌ಗೆ ತಿರುಗಿಸಿ ಬ್ಲಾಕ್ ತೆರೆಯಿರಿ. ಎಡಿಟರ್ ತಾನೇ ಸರಿಯಾದ ರೂಪದಲ್ಲಿ ತೋರಿಸುತ್ತದೆ. ಈಗಿನ ತಂತ್ರಾಂಶ ಟಿಐಎ ಪೋರ್ಟಲ್‌ನಲ್ಲಿ ಈ ಆಯ್ಕೆ ಆಪ್ಷನ್ಸ್, ಸೆಟಿಂಗ್ಸ್, ಜನರಲ್ ಒಳಗಿದೆ. ಹೊಸ ಎಸ್7-1500 ಕಂಟ್ರೋಲರ್‌ನ ಪ್ರಾಜೆಕ್ಟ್‌ಗಳಲ್ಲಿ ವಿಳಾಸದ ಬದಲು ಸಿಂಬಾಲಿಕ್ ಹೆಸರುಗಳೂ ಐಇಸಿ ಸ್ಟಾಂಡರ್ಡ್‌ನ ಟೈಮರ್‌ಗಳೂ ಇರುವುದರಿಂದ ಈ ತಾಪತ್ರಯ ಕಡಿಮೆ. ಆದರೆ ಕಾರ್ಖಾನೆಗಳಲ್ಲಿ ಹಳೆಯ ಎಸ್7-300 ಇನ್ನೂ ಎಷ್ಟೋ ಓಡುತ್ತಿವೆ, ಹೊಸಬರ ಪಾಲಿಗೆ ಹೆಚ್ಚಾಗಿ ಬರುವುದೂ ಅವೇ.

ಇನ್ನು ಕೇಳುವ ಬಗೆ. ಕಂಟ್ರೋಲರ್‌ಗೂ ಡ್ರೈವ್‌ನಂಥ ಡಿವೈಸ್‌ಗಳಿಗೂ ನಡುವಿನ ನೆಟ್‌ವರ್ಕ್ ಪ್ರಾಫಿನೆಟ್ ಅನ್ನೇ ತೆಗೆದುಕೊಳ್ಳಿ. "ಪ್ರಾಫಿನೆಟ್ ಕೆಲಸ ಮಾಡ್ತಿಲ್ಲ, ದಯವಿಟ್ಟು ಸಹಾಯ ಮಾಡಿ, ಅರ್ಜೆಂಟ್" ಅಂತ ಹಾಕಿದರೆ ಯಾರೂ ತಿರುಗಿ ನೋಡುವುದಿಲ್ಲ. ಅರ್ಜೆಂಟ್ ಅನ್ನುವುದನ್ನಂತೂ ತೆಗೆದುಹಾಕಿ. ಮೊದಲ ಪೋಸ್ಟ್‌ನಲ್ಲೇ ಇವಿಷ್ಟು ಇರಲಿ: ಸಿಪಿಯುವಿನ 6ಇಎಸ್7ನಿಂದ ಶುರುವಾಗುವ ಪೂರ್ತಿ ಆರ್ಡರ್ ನಂಬರ್, ಫರ್ಮ್‌ವೇರ್, ಟಿಐಎ ಆವೃತ್ತಿ ಮತ್ತು ಅದರ ಅಪ್‌ಡೇಟ್ ಸಂಖ್ಯೆ, ಡಯಾಗ್ನೋಸ್ಟಿಕ್ ಬಫರ್‌ನ (ಸಿಪಿಯು ಒಳಗಿನ ದೋಷಗಳ ದಾಖಲೆ) ಸಂದೇಶ ಇದ್ದದ್ದು ಇದ್ದ ಹಾಗೆ, ತೊಂದರೆ ಶುರುವಾಗುವ ಮುನ್ನ ಏನು ಬದಲಾಯಿತು, ನೀವು ಏನೇನು ಮಾಡಿ ನೋಡಿದಿರಿ. ಮಾಹಿತಿಯನ್ನು ಒಂದೊಂದೇ ತುಂಡಾಗಿ ಬಿಡುವುದಕ್ಕೆ ಇಲ್ಲಿ ಸಲಾಮಿ ತಂತ್ರ ಅನ್ನುತ್ತಾರೆ. ಮೂರನೇ ತುಂಡಿಗೆ ಜನ ಎದ್ದು ಹೋಗುತ್ತಾರೆ. ಒಂದೇ ಪ್ರಶ್ನೆಯನ್ನು ಎರಡು ಕಡೆ ಹಾಕಿದ್ದರೆ ಹಾಗೆಂದು ಹೇಳಿ, ಇನ್ನೊಂದರ ಕೊಂಡಿಯನ್ನೂ ಕೊಡಿ. ಹೇಳದೆ ಸಿಕ್ಕಿಬಿದ್ದರೆ ಹೆಸರು ಕೆಡುತ್ತದೆ.

ಅದೇ ಪ್ರಾಫಿನೆಟ್ ಉದಾಹರಣೆ ತೆಗೆದುಕೊಳ್ಳಿ. ಕೆಟ್ಟ ಡ್ರೈವ್ ತೆಗೆದು ಹೊಸದು ಹಾಕಿದ್ದೀರಿ, ಪಿಂಗ್ ಮಾಡಿದರೆ ಉತ್ತರ ಬರುತ್ತದೆ, ಆದರೂ ಬಸ್ ಫಾಲ್ಟ್ ದೀಪ ಕೆಂಪು. ಕಂಟ್ರೋಲರ್ ಡಿವೈಸ್ ಅನ್ನು ಹುಡುಕುವುದು ಐಪಿಯಿಂದಲ್ಲ, ಪ್ರಾಫಿನೆಟ್ ಹೆಸರಿನಿಂದ; ಐಪಿ ಕೊಡುವುದು ಆಮೇಲೆ. ಹೊಸ ಡ್ರೈವ್‌ಗೆ ಹೆಸರೇ ಇಲ್ಲದಿದ್ದರೆ ಕೈಯಲ್ಲಿ ಐಪಿ ಇಟ್ಟು ಪ್ರಯೋಜನವಿಲ್ಲ. ಟಿಐಎಯಿಂದಲೋ ಸೀಮೆನ್ಸ್‌ನ ನೆಟ್‌ವರ್ಕ್ ಪರೀಕ್ಷಾ ತಂತ್ರಾಂಶ ಪ್ರೊನೆಟಾದಿಂದಲೋ ಹೆಸರು ಕೊಡಿ, ಪ್ರಾಜೆಕ್ಟ್‌ನಲ್ಲಿರುವುದಕ್ಕೆ ಅಕ್ಷರಶಃ ಹೊಂದಬೇಕು. ಈ ಒಂದು ಪರೀಕ್ಷೆ ಮಾಡಿ "ಹೆಸರು ಸರಿಯಿದೆ, ನೋಡಿದ್ದೇನೆ" ಅಂತ ಬರೆದರೆ ಚರ್ಚೆ ಎರಡು ದಿನ ಮುಂದಿನಿಂದ ಶುರುವಾಗುತ್ತದೆ.

ಪ್ರಾಜೆಕ್ಟ್ ಫೈಲ್ ಅಟ್ಯಾಚ್ ಮಾಡಬೇಡಿ. ಹೊಸ ಆವೃತ್ತಿಯ ಫೈಲ್ ಹಳೆಯದರಲ್ಲಿ ತೆರೆಯುವುದಿಲ್ಲ ಅನ್ನುವುದು ಒಂದು ಕಾರಣ, ಅದು ನಿಮ್ಮದಲ್ಲ ಅನ್ನುವುದು ದೊಡ್ಡ ಕಾರಣ. ಜರ್ಮನಿಯಲ್ಲಿ ವ್ಯಾಪಾರ ರಹಸ್ಯಕ್ಕೆಂದೇ 2019ರಿಂದ ಪ್ರತ್ಯೇಕ ಕಾನೂನಿದೆ, ನಿಮ್ಮ ಕೆಲಸದ ಒಪ್ಪಂದದಲ್ಲೂ ಗೋಪ್ಯತೆಯ ಷರತ್ತು ಇರುವುದು ಬಹುತೇಕ ಖಂಡಿತ. ಪಠ್ಯವಾಗಿ ಬರೆಯುವ ಎಸ್‌ಸಿಎಲ್ ಭಾಷೆಯ ಕೋಡ್ ಆದರೆ ತೊಂದರೆ ಇರುವ ಹತ್ತು-ಇಪ್ಪತ್ತು ಸಾಲು ಮಾತ್ರ ಎತ್ತಿ, ಟ್ಯಾಗ್ ಹೆಸರು ಬದಲಿಸಿ, ಪಠ್ಯವಾಗಿಯೇ ಹಾಕಿ. ಚಿತ್ರರೂಪದ ಲ್ಯಾಡರ್ ಆದರೆ ಮಾನಿಟರಿಂಗ್ ಆನ್ ಇರುವಾಗ ಆ ನೆಟ್‌ವರ್ಕ್‌ನ ಸ್ಕ್ರೀನ್‌ಶಾಟ್ ಸಾಕು. ಮೊಬೈಲಲ್ಲಿ ಸ್ಕ್ರೀನ್‌ನ ಫೋಟೋ ತೆಗೆದು ಹಾಕಬೇಡಿ. ಗಿರಾಕಿಯ ಹೆಸರು, ಸೀರಿಯಲ್ ನಂಬರ್, ಐಪಿ ವಿಳಾಸ ಅಳಿಸಿರಬೇಕು. ಪ್ರಾಜೆಕ್ಟ್ ಟ್ರೀಯ ಮೂಲೆಯಲ್ಲಿ ಗಿರಾಕಿಯ ಹೆಸರು ಇಣುಕುತ್ತಿರುತ್ತದೆ, ಅದನ್ನೂ ನೋಡಿ.

ಕೆಲವು ಪ್ರಶ್ನೆಗಳನ್ನು ಕೇಳಲೇಬಾರದು. ಸೇಫ್ಟಿ ಡೋರ್ ಸ್ವಿಚ್ ಬೈಪಾಸ್ ಮಾಡುವುದು ಹೇಗೆ ಅಂತ ಕೇಳಿದರೆ ಚರ್ಚೆಗೆ ಬೀಗ ಬಿದ್ದೀತು. ಕಮಿಷನಿಂಗ್‌ಗೆ ಬಾಗಿಲು ತೆರೆದೇ ಓಡಿಸಬೇಕಿದ್ದರೆ ಅದಕ್ಕೆ ಮೋಡ್ ಸೆಲೆಕ್ಟರ್, ತಗ್ಗಿಸಿದ ವೇಗ, ಎನೇಬಲ್ ಸ್ವಿಚ್ ಇರುವ ವ್ಯವಸ್ಥೆ ಬೇಕು. ಪ್ರಶ್ನೆಯನ್ನು ಆ ದಿಕ್ಕಿನಲ್ಲಿ, ಯಂತ್ರ ಸುರಕ್ಷತೆಯ ಸ್ಟಾಂಡರ್ಡ್ ಐಎಸ್‌ಒ 13849-1ರ ಪರ್ಫಾರ್ಮೆನ್ಸ್ ಲೆವೆಲ್ ಹೆಸರಿಸಿ ಕೇಳಿದರೆ ಅದೇ ಜನ ಕೂತು ಲೆಕ್ಕ ಹಾಕಿಕೊಡುತ್ತಾರೆ. ಪ್ಯಾನಲ್ ಒಳಗೆ ಕೈ ಹಾಕುವ ಪ್ರಶ್ನೆಗೂ ಇದೇ ಬಿಗಿ. ಬಿಇ ಎಲೆಕ್ಟ್ರಿಕಲ್ ಆಗಿದ್ದ ಮಾತ್ರಕ್ಕೆ ನೀವು ಇಲ್ಲಿ ಎಲೆಕ್ಟ್ರೋಫಾಖ್‌ಕ್ರಾಫ್ಟ್, ಅಂದರೆ ವಿದ್ಯುತ್ ಕೆಲಸದ ಅಧಿಕೃತ ಪರಿಣತ, ಆಗುವುದಿಲ್ಲ. ಓದು, ಅನುಭವ, ಇಲ್ಲಿನ ಸ್ಟಾಂಡರ್ಡ್‌ಗಳ ತಿಳಿವಳಿಕೆ ಮೂರನ್ನೂ ನೋಡಿ ಕಂಪನಿ ನಿಮ್ಮನ್ನು ಹಾಗೆ ಒಪ್ಪಿಕೊಂಡಿರಬೇಕು. ಒಪ್ಪಿದೆಯೇ ಅಂತ ಮೊದಲು ನಿಮ್ಮ ಬಾಸ್ ಹತ್ತಿರ ಕೇಳಿ, ಲಿಖಿತವಾಗಿ ತೆಗೆದುಕೊಳ್ಳಿ.

ಉತ್ತರಗಳಲ್ಲಿ ಡಿನ್ (ಜರ್ಮನ್), ಇಎನ್ (ಯುರೋಪಿಯನ್) ಸ್ಟಾಂಡರ್ಡ್‌ಗಳ ಸಂಖ್ಯೆಗಳು ಸುರಿಯುತ್ತವೆ. ಪ್ರತಿಯೊಂದನ್ನೂ ದುಡ್ಡು ಕೊಟ್ಟು ಕೊಳ್ಳಬೇಕಿಲ್ಲ. ಡಿನ್-ನಾರ್ಮೆನ್-ಇನ್ಫೋಪಾಯಿಂಟ್ ಎಂಬ ಓದುವ ಜಾಗಗಳು ಹಲವು ವಿಶ್ವವಿದ್ಯಾಲಯಗಳ ಗ್ರಂಥಾಲಯಗಳಲ್ಲಿವೆ, ಅಲ್ಲಿ ಕೂತು ಪುಕ್ಕಟೆ ಓದಬಹುದು, ಪ್ರತಿ ಮಾಡಿಕೊಳ್ಳಲು ಮಾತ್ರ ಬಿಡುವುದಿಲ್ಲ. ಕಂಪನಿಗೂ ಚಂದಾ ಇರಬಹುದು, ವಿಚಾರಿಸಿ.

ತೆರೆಯಿಂದಾಚೆ ಮುಖ ನೋಡಿ ಮಾತಾಡುವುದಕ್ಕೆ ವಿಡಿಐ ಇದೆ, ಜರ್ಮನ್ ಎಂಜಿನಿಯರ್‌ಗಳ ಸಂಘ, 1856ರಲ್ಲಿ ಶುರುವಾದದ್ದು. ನಿಮ್ಮ ಕಡೆಯ ಶಾಖೆಯ ಹೆಸರು ವ್ಯುರ್ಟೆಂಬೆರ್ಗಿಶರ್ ಎಂಜಿನಿಯರ್ ಸಂಘ. ಎಲೆಕ್ಟ್ರಿಕಲ್‌ನವರಿಗೆ 1893ರ ವಿಡಿಇ. ತಕ್ಷಣ ಚಂದಾ ಕಟ್ಟಬೇಡಿ. ಸದಸ್ಯರಲ್ಲದವರಿಗೂ ತೆರೆದಿರುವ ಸಂಜೆಯ ಉಪನ್ಯಾಸಗಳನ್ನು ಕಾರ್ಯಕ್ರಮ ಪಟ್ಟಿಯಲ್ಲಿ ಹುಡುಕಿ, ಮೊದಲೇ ಹೆಸರು ನೋಂದಾಯಿಸಿ ಹೋಗಿ ನೋಡಿ. ಉಪನ್ಯಾಸ ಅರ್ಧ ಅರ್ಥವಾಗದಿದ್ದರೂ ಆಮೇಲಿನ ಮಾತುಕತೆಗೆ ನಿಲ್ಲಿ. ಒಂದು ನಿಖರವಾದ ಪ್ರಶ್ನೆ ಇಟ್ಟುಕೊಂಡು ಹೋದವರ ಜೊತೆ ಇಂಗ್ಲಿಷ್‌ನಲ್ಲಿ ಮಾತಾಡಲು ಯಾರಾದರೂ ಸಿಗುತ್ತಾರೆ.

ಇನ್ನೊಂದು ಮರೆತಿದ್ದೆ: ಸಮಸ್ಯೆ ಬಗೆಹರಿದ ಮೇಲೆ ಹೇಗೆ ಬಗೆಹರಿಯಿತು ಅಂತ ಅದೇ ಚರ್ಚೆಯಲ್ಲಿ ಬರೆಯಿರಿ, ತಪ್ಪು ಜರ್ಮನ್‌ನಲ್ಲಾದರೂ ಸರಿ. ನಿಮ್ಮ ಮುಂದಿನ ಪ್ರಶ್ನೆಗೆ ಉತ್ತರ ಬರುವುದು ಅದನ್ನು ಓದಿದವರಿಂದಲೇ.