ಸವೆದ ಮಂಡಿಗೆ ವ್ಯಾಯಾಮ ಮಾಡಿಸಿದರೆ ಇನ್ನೂ ಸವೆಯುತ್ತಾ?

ಅಮ್ಮನಿಗೆ ಮಂಡಿ ಸವೆದಿದೆ, ಡಾಕ್ಟರ್ ಫಿಸಿಯೋಥೆರಪಿ ಅಂದಿದ್ದಾರೆ, ಆದರೆ ಸವೆದ ಕೀಲನ್ನು ಮತ್ತೆ ಆಡಿಸಿದರೆ ಇನ್ನೂ ಹಾಳಾಗಲ್ವಾ ಅಂತ ಕೇಳಿದ್ದೀರಿ. ಸರಿಯಾಗಿ ಮಾಡಿದರೆ ಆಗುವುದಿಲ್ಲ. ಆಡಿಸದೆ ಇಟ್ಟರೇ ತೊಂದರೆ ಜಾಸ್ತಿ. ನನ್ನ ಎರಡೂ ಮಂಡಿಯಲ್ಲಿ ಇದೇ ಸವೆತ ಇದೆ, ಅದಕ್ಕೇ ಬಿಡಿಸಿ ಹೇಳುತ್ತೇನೆ.

ಕೀಲಿನೊಳಗೆ ಮೂಳೆಗಳ ತುದಿಗೆ ನುಣುಪಾದ ಮೆತ್ತೆಯಂತಿರುವ ಕಾರ್ಟಿಲೇಜ್‌ಗೆ ರಕ್ತನಾಳ ಇಲ್ಲ. ಅದಕ್ಕೆ ಪೋಷಣೆ ಸಿಗುವುದು ಕೀಲಿನ ದ್ರವದಿಂದ, ಕಾಲು ಆಡಿದಾಗಲೇ ಅದು ಒಳಗೆ ಹೋಗುವುದು. ಇನ್ನೊಂದು, ನನ್ನ ಪ್ರಕಾರ ಇದೇ ಮುಖ್ಯ: ನೋವು ಅಂತ ನಡೆಯುವುದು ಕಡಿಮೆ ಮಾಡುತ್ತೇವೆ, ತೊಡೆಯ ಮುಂಭಾಗದ ಸ್ನಾಯು ಸೊರಗುತ್ತದೆ, ಅದು ಹೊರಬೇಕಾದ ಭಾರವೆಲ್ಲ ಮಂಡಿ ಮೇಲೆ ಬೀಳುತ್ತದೆ, ನೋವು ಇನ್ನೂ ಹೆಚ್ಚುತ್ತದೆ. ಸವೆದದ್ದು ಮತ್ತೆ ಬೆಳೆಯುವುದಿಲ್ಲ, ಆ ಆಸೆ ಬೇಡ. ಆದರೆ ಸ್ನಾಯು ಯಾವ ವಯಸ್ಸಿನಲ್ಲೂ ಗಟ್ಟಿಯಾಗುತ್ತದೆ.

ಶುರು ತುಂಬಾ ಸುಲಭ. ಕಾಲು ಚಾಚಿ ಕೂತು ಮಂಡಿ ಕೆಳಗೆ ಟವೆಲ್ ಸುತ್ತಿ ಇಟ್ಟು, ಅದನ್ನು ಮಂಡಿಯಿಂದ ಒತ್ತಬೇಕು. ತೊಡೆ ಮೇಲೆ ಕೈ ಇಟ್ಟರೆ ಸ್ನಾಯು ಬಿಗಿಯಾಗುವುದು, ಮಂಡಿ ಚಿಪ್ಪು ಮೇಲಕ್ಕೆ ಸರಿಯುವುದು ಗೊತ್ತಾಗುತ್ತದೆ. 5 ಸೆಕೆಂಡ್ ಹಿಡಿದು ಬಿಡುವುದು, ಹೀಗೆ 10 ಸಲ. ಆಮೇಲೆ ಕಾಲು ನೆಟ್ಟಗೆ ಎತ್ತುವುದು, ಕೈ ಊರದೆ ಕುರ್ಚಿಯಿಂದ ಏಳುವುದು, ಹೀಗೆ ಫಿಸಿಯೋ ಒಂದೊಂದೇ ಹೆಚ್ಚಿಸುತ್ತಾರೆ.

ಕರೆಂಟ್ ಮೆಷಿನ್ ಇಟ್ಟು ಮಲಗಿಸುವುದನ್ನೇ ಫಿಸಿಯೋಥೆರಪಿ ಅಂದುಕೊಳ್ಳಬೇಡಿ. ಯಾವ ಕಾಯಿಲೆಗೆ ಯಾವ ಚಿಕಿತ್ಸೆ ಅಂತ ಸಲಹೆ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆಯ 2022ರ ಮಾರ್ಗಸೂಚಿ ಈ ಸವೆತಕ್ಕೆ ಎಲ್ಲರಿಗೂ ವ್ಯಾಯಾಮ ಹೇಳಿಕೊಡಿ ಅನ್ನುತ್ತದೆ, ಕರೆಂಟ್ ಚಿಕಿತ್ಸೆ ಬೇಡ ಅನ್ನುತ್ತದೆ. ದಿನಾ ಬರೀ ಮೆಷಿನ್ ಇಟ್ಟು ಕಳಿಸುತ್ತಿದ್ದರೆ ಬೇರೆಯವರನ್ನು ನೋಡಿ.

ಮೊದಮೊದಲು ಸ್ವಲ್ಪ ನೋಯುತ್ತದೆ, ಎಷ್ಟೋ ಜನ ಅಲ್ಲಿಗೇ ಬಿಟ್ಟುಬಿಡುತ್ತಾರೆ, ನೋಡಿದರೆ ಹೊಟ್ಟೆ ಉರಿಯುತ್ತದೆ. ಮಾಡುವಾಗಿನ ನೋವು ಮಾರನೇ ದಿನಕ್ಕೆ ಇಳಿದರೆ ಪರವಾಗಿಲ್ಲ. ಇಳಿಯದಿದ್ದರೆ, ಊತ ಬಂದರೆ, ಸಂಖ್ಯೆ ಕಡಿಮೆ ಮಾಡಿ, ಪೂರ್ತಿ ನಿಲ್ಲಿಸಬೇಡಿ. ವ್ಯತ್ಯಾಸ ಕಾಣಲು 6ರಿಂದ 12 ವಾರ ಬೇಕು.

ಅಮ್ಮ ಮಂಡಿ ಕೆಳಗೆ ದಿಂಬು ಇಟ್ಟುಕೊಂಡು ಮಲಗುತ್ತಾರಾ? ಹಾಯೆನಿಸುತ್ತದೆ, ಆದರೆ ರಾತ್ರಿಯಿಡೀ ಹಾಗೇ ಇದ್ದರೆ ಮಂಡಿ ಮಡಚಿದಂತೆಯೇ ಬಿಗಿದುಕೊಳ್ಳಬಹುದು. ಕೋಲು ಹಿಡಿಯುವುದಾದರೆ ನೋವಿನ ಕಾಲಿನ ಎದುರು ಬದಿಯ ಕೈಯಲ್ಲಿ. ತೂಕ ಜಾಸ್ತಿ ಇದ್ದರೆ 1 ಕಿಲೋ ಇಳಿದರೂ ಪ್ರತಿ ಹೆಜ್ಜೆಗೆ ಮಂಡಿ ಮೇಲಿನ ಹೊರೆ ಸುಮಾರು 4 ಕಿಲೋ ಇಳಿಯುತ್ತದೆ.

ಇದೆಲ್ಲ ಸವೆತದ ಮಾತು. ಬೆಳಿಗ್ಗೆ ಬೆರಳಿನ ಗೆಣ್ಣುಗಳು ಊದಿ, ಗಂಟೆಗಟ್ಟಲೆ ಬಿಗಿದುಕೊಂಡೇ ಇದ್ದರೆ ಅದು ರುಮಟಾಯ್ಡ್, ಅಂದರೆ ದೇಹದ ರಕ್ಷಣಾ ವ್ಯವಸ್ಥೆಯೇ ಕೀಲುಗಳ ಮೇಲೆ ದಾಳಿ ಮಾಡುವ ಕಾಯಿಲೆ ಇರಬಹುದು. ಅದಕ್ಕೆ ಮೊದಲು ಔಷಧಿ ಬೇಕು, ಫಿಸಿಯೋಥೆರಪಿ ಅದರ ಜೊತೆಗೆ. ಕೀಲು ಇದ್ದಕ್ಕಿದ್ದಂತೆ ಕೆಂಪಾಗಿ, ಬಿಸಿಯಾಗಿ, ಜ್ವರವೂ ಬಂದರೆ ವ್ಯಾಯಾಮ ಬಿಟ್ಟು ಅವತ್ತೇ ಡಾಕ್ಟರ್ ಹತ್ತಿರ ಹೋಗಿ.

ಮೊದಲ ದಿನ ನೀವೂ ಜೊತೆಗೆ ಹೋಗಿ. ಸುಮ್ನೆ ಮಂಡಿ ನೋವು ಅನ್ನಬೇಡಿ, ಮೆಟ್ಟಿಲು ಇಳಿಯುವುದು ಕಷ್ಟವೋ, ಕೂತಲ್ಲಿಂದ ಏಳುವುದು ಕಷ್ಟವೋ ಹೇಳಿ. ಅದನ್ನು ನೋಡಿಕೊಂಡೇ ಅವರು ವ್ಯಾಯಾಮ ಆರಿಸುತ್ತಾರೆ.