ಸ್ಟೇಟಸ್‌ಗೆ ಹಾಕಿದ ಹಾಡು

ಕಲಬುರಗಿಯ ತೊಗರಿ ಬೇಳೆ ಗಿರಣಿಯೊಂದರಲ್ಲಿ ಲೆಕ್ಕ ಬರೆಯುವ ಪತಿ ಮತ್ತು ಶಾಲೆಯಲ್ಲಿ ಪಾಠ ಹೇಳುವ ಪತ್ನಿ ಆಪ್ತಸಲಹೆಗೆ ಬಂದದ್ದು ಒಂದು ತಮಾಷೆಯ ಪಾಪ್ ಹಾಡಿನ ಕಾರಣದಿಂದ. ಗುರುತು ಸಿಗದಂತೆ ಅವರ ವಿವರಗಳನ್ನು ಬದಲಿಸಿದ್ದೇನೆ. ಪ್ರಿಯಕರ ‘ಏನಾಯಿತು’ ಎಂದು ಕೇಳುತ್ತಲೇ ಇರುವ, ಪ್ರೇಯಸಿ ‘ಏನೂ ಆಗಿಲ್ಲ’ ಎನ್ನುತ್ತಲೇ ಪಾತ್ರೆ ಕುಕ್ಕುವ ಹಾಡು ಅದು. ಪತ್ನಿ ಎರಡು ದಿನ ಮಾತು ಬಿಟ್ಟಾಗ ಪತಿ ಅದನ್ನು ವಾಟ್ಸ್ಆ್ಯಪ್ ಸ್ಟೇಟಸ್‌ಗೆ ಹಾಕಿದ್ದರು. ಬಂಧುಗಳೆಲ್ಲ ನಗುವ ಚಿತ್ರಗಳನ್ನು ಕಳುಹಿಸಿದರು.

ಆಕೆಯ ಮೌನಕ್ಕೆ ಕಾರಣವಿತ್ತು. ಪಂಚಮಿಗೆ ತವರಿಗೆ ಕಳುಹಿಸುವುದು ಬೇಡವೆಂದು ಮನೆಯಲ್ಲಿ ತೀರ್ಮಾನವಾದದ್ದು ಆಕೆಗೆ ಎಲ್ಲರಿಗಿಂತ ಕೊನೆಗೆ, ಅದೂ ನಾದಿನಿಯ ಬಾಯಿಂದ ತಿಳಿದಿತ್ತು. “ಮಂದಿಯೆಲ್ಲಾ ನಗ್ಲತ್ತಿದ್ರು, ನಂಗ ಅಳು ಬರ್ಲತ್ತಿತ್ತು” ಎಂದರು. ಪತಿಗೆ ನಿಜಕ್ಕೂ ಅಚ್ಚರಿಯಾಯಿತು. ನಗಿಸಿದರೆ ಸಿಟ್ಟು ಇಳಿಯುತ್ತದೆ ಎಂದೇ ಅವರು ನಂಬಿದ್ದರು.

ಮೊದಲು ಇಬ್ಬರನ್ನೂ ಪ್ರತ್ಯೇಕವಾಗಿ ಕೂರಿಸಿ, ಮನೆಯಲ್ಲಿ ಹೊಡೆತ, ಬೆದರಿಕೆ ಅಥವಾ ಭಯವಿದೆಯೇ ಎಂದು ಕೇಳಿದೆ. ಹಾಗಿದ್ದರೆ ಜಂಟಿ ಸಲಹೆಗಿಂತ ಸುರಕ್ಷತೆಯೇ ಮೊದಲಾಗಬೇಕಾಗುತ್ತದೆ. ಅದಕ್ಕೆ 2005ರ ಕೌಟುಂಬಿಕ ಹಿಂಸೆಯಿಂದ ರಕ್ಷಣೆ ನೀಡುವ ಕಾಯ್ದೆಯೂ 181 ಮಹಿಳಾ ಸಹಾಯವಾಣಿಯೂ ಇವೆ. ಇಲ್ಲಿ ಅಂಥದ್ದೇನೂ ಇರಲಿಲ್ಲ.

ಬಳಿಕ ಹಾಡನ್ನು ಮೂವರೂ ಒಟ್ಟಿಗೆ ಕೇಳಿದೆವು. ಬೇಕೆನಿಸಿದಲ್ಲಿ ನಿಲ್ಲಿಸುವಂತೆ ಫೋನನ್ನು ಪತ್ನಿಯ ಕೈಗೆ ಕೊಟ್ಟೆ. ಪಾತ್ರೆ ಕುಕ್ಕುವ ಸಾಲಿಗೆ ಆಕೆ ನಕ್ಕೇಬಿಟ್ಟರು. ಪ್ರಿಯಕರನು ಗೆಳೆಯರ ಕಡೆ ತಿರುಗಿ ಹುಬ್ಬು ಹಾರಿಸುವ ಸಾಲಿಗೆ ಥಟ್ಟನೆ ನಿಲ್ಲಿಸಿ, “ಇದ ನೋಡ್ರಿ” ಎಂದರು. ಪ್ರಕರಣದ ತಿರುಳು ಅಲ್ಲಿತ್ತು. ತನ್ನ ಹಟವನ್ನು ಕಂಡು ನಗುವಷ್ಟು ಹಾಸ್ಯಪ್ರಜ್ಞೆ ಆಕೆಗಿತ್ತು. ಸಹಿಸಲಾಗದ್ದು, ಇಬ್ಬರ ನಡುವಿನ ಮಾತಿಗೆ ಮೂರನೆಯವರನ್ನು ಪ್ರೇಕ್ಷಕರಾಗಿ ಕರೆದದ್ದು.

ದಂಪತಿಗಳ ಜಗಳವನ್ನು ದಶಕಗಳ ಕಾಲ ಅಧ್ಯಯನ ಮಾಡಿದ ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ಗಾಟ್‌ಮನ್, ಸಂಬಂಧವನ್ನು ಕೆಡಿಸುವ ನಾಲ್ಕು ನಡವಳಿಕೆಗಳನ್ನು ಗುರುತಿಸಿದ್ದಾರೆ: ವ್ಯಕ್ತಿತ್ವವನ್ನೇ ಟೀಕಿಸುವುದು, ತಿರಸ್ಕಾರ, ತನ್ನನ್ನೇ ಸಮರ್ಥಿಸಿಕೊಳ್ಳುವುದು ಮತ್ತು ಗೋಡೆಯಂಥ ಮೌನ. ಜಗಳದ ನಡುವೆ ಇಬ್ಬರನ್ನೂ ಹತ್ತಿರ ತರುವ ಹಾಸ್ಯವನ್ನು ಅವರು ದುರಸ್ತಿಯ ಪ್ರಯತ್ನವೆಂದೇ ಕರೆಯುತ್ತಾರೆ; ಅಣಕವನ್ನಾದರೋ ತಿರಸ್ಕಾರದ ಸಾಲಿಗೆ ಸೇರಿಸುತ್ತಾರೆ. ಈ ಮನೆಯಲ್ಲಿ ಆಕೆ ಸುಮ್ಮನಾದಷ್ಟೂ ಆತ ತಮಾಷೆ ಮಾಡುತ್ತಿದ್ದರು, ಆತ ತಮಾಷೆ ಮಾಡಿದಷ್ಟೂ ಆಕೆ ಸುಮ್ಮನಾಗುತ್ತಿದ್ದರು. ಯಾರು ಮೊದಲು ಎಂದು ಹುಡುಕುವುದರಲ್ಲಿ ಅರ್ಥವಿಲ್ಲವೆಂದು ಇಬ್ಬರಿಗೂ ಹೇಳಿದೆ.

ಪತಿಗೆ ನೀಡಿದ ಸಲಹೆ ನೇರವಾಗಿತ್ತು: ಸ್ಟೇಟಸ್ ತೆಗೆಯಬೇಕು, ಮತ್ತು ಪಂಚಮಿಯ ತೀರ್ಮಾನವನ್ನು ತನ್ನಿಂದ ಮುಚ್ಚಿಟ್ಟಂತಾಯಿತೆಂಬ ಆಕೆಯ ನೋವನ್ನು ಮೊದಲು ಪೂರ್ತಿ ಕೇಳಿ, ತಾನು ಕೇಳಿಸಿಕೊಂಡದ್ದನ್ನು ತನ್ನ ಮಾತಿನಲ್ಲಿ ಹೇಳಿ, ಸರಿಯೇ ಎಂದು ಆಕೆಯನ್ನೇ ಕೇಳಬೇಕು. ಸಮಜಾಯಿಷಿ ಆಮೇಲೆ. ಪತ್ನಿಗೆ, ‘ಏನೂ ಇಲ್ಲ’ ಎನ್ನುವ ಬದಲು ‘ಈಗ ಮಾತಾಡಲಾರೆ, ಊಟವಾದ ಮೇಲೆ ಆಡೋಣ’ ಎಂದು ಹೊತ್ತು ಹೇಳಿ ಸುಮ್ಮನಾಗುವಂತೆ ತಿಳಿಸಿದೆ. ಎದೆ ಹೊಡೆದುಕೊಳ್ಳುವಷ್ಟು ಉದ್ವೇಗವಿದ್ದಾಗ ಕನಿಷ್ಠ 20 ನಿಮಿಷ ವಿರಾಮ ಬೇಕು. ಆದರೆ ಹೊತ್ತು ಹೇಳದ ಮೌನ ಎದುರಿನವರಿಗೆ ಶಿಕ್ಷೆಯಾಗಿಯೇ ತಟ್ಟುತ್ತದೆ.

ದೀಪಾವಳಿಯ ಪ್ರಯಾಣದ ಮಾತನ್ನು ಪತಿ ಈ ಬಾರಿ ಮೊದಲು ಪತ್ನಿಯೊಂದಿಗೇ ಆಡಿದ್ದಾರೆ. ಅತ್ತೆಗೆ ಅದನ್ನು ಯಾರು ತಿಳಿಸಬೇಕೆಂಬುದು ಇನ್ನೂ ಇತ್ಯರ್ಥವಾಗಿಲ್ಲ. ಮುಂದಿನ ಭೇಟಿಯಲ್ಲಿ ಅದನ್ನೇ ಎತ್ತಿಕೊಳ್ಳಲಿದ್ದೇವೆ.