ಕೊಡಗಿನಲ್ಲಿ ಮೊದಲ ಆರ್‌ಸಿ (ರಿಮೋಟ್‌ನಿಂದ ಹಾರಿಸುವ ಮಾಡೆಲ್) ಯುದ್ಧವಿಮಾನಕ್ಕೆ ಸ್ಪಿಟ್‌ಫೈರ್ ಬಾಲ್ಸಾ (ಹಗುರ ಮರದ) ಕಿಟ್ ಒಳ್ಳೆಯದೋ, ಮಸ್ಟಾಂಗ್ ಫೋಮ್ ಕಿಟ್ ಒಳ್ಳೆಯದೋ? ಎಂಜಿನ್ ಯಾವುದು ಹಾಕಲಿ?

ಜೂನ್‌ನಲ್ಲಿ ಕಿಟ್ ತರಿಸಿ, ಮಳೆಗಾಲದಲ್ಲಿ ಮನೆಯೊಳಗೆ ಕೂತು ಕಟ್ಟಿ, ಮಳೆ ಬಿಟ್ಟ ಮೇಲೆ ಮಡಿಕೇರಿ ಸುತ್ತಮುತ್ತ ಹಾರಿಸಬೇಕು ಅಂತ ಬರೆದಿದ್ದೀರಿ. ನಾನೂ ಇದೇ ಲೆಕ್ಕ ಹಾಕಿದ್ದೆ. ಎರಡನೇ ಮಹಾಯುದ್ಧದ ಆ ಎರಡು ವಿಮಾನಗಳಲ್ಲಿ ಸ್ಪಿಟ್‌ಫೈರೋ ಮಸ್ಟಾಂಗೋ ಅನ್ನುವುದನ್ನು ಆಮೇಲೆ ನೋಡೋಣ. ನಿಮ್ಮ ಪ್ರಶ್ನೆಯಲ್ಲಿ ನನಗೆ ಭಯ ಹುಟ್ಟಿಸಿದ್ದು ಆ ಜೂನ್.

ನಮ್ಮದು ಸೋಮವಾರಪೇಟೆ ಕಡೆ ಕಾಫಿ ತೋಟ. ಕಾಲೇಜಿನಲ್ಲಿ ಎನ್‌ಸಿಸಿ ಏರ್ ವಿಂಗ್‌ನಲ್ಲಿದ್ದಾಗ ಕಂಟ್ರೋಲ್ ಲೈನ್ ಮಾಡೆಲ್ ಕಟ್ಟುತ್ತಿದ್ದೆವು, ತಂತಿ ಹಿಡಿದು ನಮ್ಮ ಸುತ್ತಲೇ ತಿರುಗಿಸುವಂಥದ್ದು. ಊರಿಗೆ ಬಂದ ಮೇಲೆ ಫೋಮ್ ಟ್ರೇನರ್‌ನಲ್ಲಿ ಆರ್‌ಸಿ ಕಲಿತೆ. ಕೈ ಕುದುರಿತು ಅನ್ನಿಸಿದಾಗ 60 ಸೈಜಿನ (ಎಂಜಿನ್ ಅಳತೆಯ ಲೆಕ್ಕ) ಸ್ಪಿಟ್‌ಫೈರ್ ಬಾಲ್ಸಾ ಕಿಟ್ ತರಿಸಿದೆ. ರೆಕ್ಕೆ 63 ಅಂಗುಲ, ಎಲ್ಲ ಸೇರಿ ತೂಕ ನಾಲ್ಕು ಕೆಜಿಯ ಹತ್ತಿರ. ಪೆಟ್ಟಿಗೆ ಬಂದದ್ದು ಮಳೆ ಹಿಡಿದ ಮೇಲೆ, ರೆಕ್ಕೆ ಕಟ್ಟಲು ಕೂತದ್ದು ಕಕ್ಕಡದಲ್ಲಿ. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಆ ತಿಂಗಳಲ್ಲಿ ನಮ್ಮಲ್ಲಿ ಒಗೆದ ಬಟ್ಟೆ ಹೇಗಿರುತ್ತದೆ ಅಂತ ನಿಮಗೆ ಹೇಳಬೇಕಿಲ್ಲ.

ಆಗ ನಾನು ಮಾಡಿದ ತಪ್ಪನ್ನು ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ, ಯಾಕೆಂದರೆ ಕಿಟ್ ಜೊತೆ ಬರುವ ಪುಸ್ತಕದಲ್ಲಿ ನಮ್ಮ ಹವೆಯ ಬಗ್ಗೆ ಒಂದು ಸಾಲೂ ಇರುವುದಿಲ್ಲ. ಹಲಗೆ ಮೇಲೆ ಪ್ಲಾನ್ ಹಾಸಿ, ಅದರ ಮೇಲೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ರೆಕ್ಕೆಯ ಉದ್ದಕ್ಕೆ ಹೋಗುವ ಸ್ಪಾರ್, ಅದಕ್ಕೆ ಅಡ್ಡ ಕೂರುವ ರಿಬ್‌ಗಳು. ಎಲ್ಲಕ್ಕೂ ಫೆವಿಕಾಲ್ ಹಚ್ಚಿ ಗುಂಡುಸೂಜಿ ಚುಚ್ಚಿ ಇಟ್ಟೆ. ಒಂದು ರಾತ್ರಿ ಬಿಟ್ಟರೆ ಸಾಕು ಅಂತ ಪುಸ್ತಕ ಹೇಳುತ್ತದೆ. ಬೆಳಿಗ್ಗೆ ಸೂಜಿ ಕೀಳುವಾಗ ರಿಬ್‌ಗಳ ಬುಡದಲ್ಲಿ ಅಂಟು ಇನ್ನೂ ಹಾಲುಬಿಳುಪಾಗಿಯೇ ಇತ್ತು. ಒಣಗಿದ ಫೆವಿಕಾಲ್ ಗಾಜಿನ ಹಾಗೆ ತಿಳಿಯಾಗಿ ಕಾಣಬೇಕು. ಬಿಳಿ ಇದೆ ಅಂದರೆ ಒಳಗೆ ಇನ್ನೂ ನೀರಿದೆ, ಮರ ಇನ್ನೂ ಸರಿಯುತ್ತದೆ. ನನಗೆ ಅದು ಗೊತ್ತಿತ್ತು, ಆದರೂ ಸೂಜಿ ಕಿತ್ತೆ. ಒಲೆ ಮೇಲಿನ ಅಟ್ಟದಲ್ಲಿ ಇಟ್ಟರೆ ಬೇಗ ಒಣಗುತ್ತದೆ ಅಂತ ಎಡ ರೆಕ್ಕೆಯನ್ನು ಅಲ್ಲಿಟ್ಟೆ. ಕೆಳಮುಖಕ್ಕೆ ಮಾತ್ರ ಬಿಸಿ ತಾಗಿತು. ಬಾಲ್ಸಾ ತೇವ ಹೀರಿದಾಗ ಉದ್ದಕ್ಕೆ ಬೆಳೆಯುವುದು ಇಲ್ಲವೆನ್ನುವಷ್ಟು, ಅಡ್ಡಕ್ಕೆ ಚೆನ್ನಾಗಿ ಉಬ್ಬುತ್ತದೆ, ಒಣಗಿದಾಗ ಅಷ್ಟೇ ಕುಗ್ಗುತ್ತದೆ. ಒಂದು ಮುಖ ಕುಗ್ಗಿ ಇನ್ನೊಂದು ಹಾಗೇ ಉಳಿದರೆ ರೆಕ್ಕೆ ತಿರುಚಿಕೊಳ್ಳಲೇಬೇಕು. ಆ ತಿರುಚಿನ ಮೇಲೆಯೇ ಮುಂಭಾಗದ ಶೀಟಿಂಗ್, ಅಂದರೆ ತೆಳು ಬಾಲ್ಸಾ ಹೊದಿಕೆ, ಅಂಟಿಸಿ ಮುಚ್ಚಿಬಿಟ್ಟೆ. ಮೇಲೆ ಕೆಳಗೆ ಶೀಟ್ ಬಿದ್ದ ಮೇಲೆ ರೆಕ್ಕೆಯ ಮುಂಭಾಗ ಒಂದು ಗಟ್ಟಿ ಕೊಳವೆ. ಆ ಹೊತ್ತಿಗೆ ಯಾವ ಆಕಾರದಲ್ಲಿತ್ತೋ ಅದೇ ಕಾಯಂ.

ಸ್ಪಿಟ್‌ಫೈರ್‌ಗೆ ಇದು ಯಾಕೆ ಇಷ್ಟು ದುಬಾರಿ ಅಂದರೆ, ಅದರ ರೆಕ್ಕೆ ತುದಿಗೆ ಹೋಗುತ್ತಾ ಸಪೂರವಾಗುತ್ತದೆ. ನಿಧಾನಕ್ಕೆ ಹಾರುವಾಗ ತುದಿ ಮೊದಲು ಸೋತರೆ, ಅಂದರೆ ಎತ್ತುವ ಬಲ ಕಳೆದುಕೊಂಡರೆ, ವಿಮಾನ ಮಗುಚುತ್ತದೆ. ಅದಕ್ಕೇ ನಿಜವಾದ ಸ್ಪಿಟ್‌ಫೈರ್‌ನಲ್ಲೂ ರೆಕ್ಕೆಯ ಬುಡ 2 ಡಿಗ್ರಿ ಮೇಲ್ಮುಖವಾಗಿದ್ದರೆ ತುದಿ ಅರ್ಧ ಡಿಗ್ರಿ ಕೆಳಮುಖ. ಇದಕ್ಕೆ ವಾಶ್‌ಔಟ್ ಅನ್ನುತ್ತಾರೆ. ಬುಡ ಮೊದಲು ಸೋಲಲಿ, ತುದಿಯಲ್ಲಿರುವ ಏಲರಾನ್ (ವಿಮಾನವನ್ನು ಎಡಬಲಕ್ಕೆ ವಾಲಿಸುವ ಪಟ್ಟಿ) ಕೊನೆಯವರೆಗೂ ಕೆಲಸ ಮಾಡಲಿ ಅಂತ. ನನ್ನ ಬಲ ರೆಕ್ಕೆಯಲ್ಲಿ ಅದು ಸರಿಯಾಗಿತ್ತು. ಎಡ ರೆಕ್ಕೆಯಲ್ಲಿ ತಿರುಗುಮುರುಗಾಗಿ ತುದಿ ಮೂತಿ ಎತ್ತಿಕೊಂಡಿತ್ತು.

ಮೊದಲ ಹಾರಾಟ ಕಾಫಿ ಕೊಯ್ಲಿನ ಕಾಲದಲ್ಲಿ, ದೊಡ್ಡಪ್ಪನ ಗದ್ದೆಯಲ್ಲಿ. ಭತ್ತ ಕೊಯ್ದು ಆಗಿತ್ತು, ಬದು ತೆಗೆದು ಒಂದು ಪಟ್ಟಿ ಸಮ ಮಾಡಿಕೊಂಡಿದ್ದೆ. ನೆಲ ಬಿಟ್ಟ ತಕ್ಷಣ ವಿಮಾನ ಬಲಕ್ಕೆ ವಾಲಿತು. ರಿಮೋಟ್‌ನಲ್ಲಿ ಏಲರಾನ್ ಟ್ರಿಮ್ (ವಾಲುವುದನ್ನು ಸರಿದೂಗಿಸುವ ಗುಂಡಿ) ಎಡಕ್ಕೆ ಒತ್ತಿದೆ, ಒತ್ತಿದೆ, ನೇರವಾಯಿತು. ನನಗೆ ಎಷ್ಟು ಖುಷಿಯಾಯಿತೆಂದರೆ, ಇಷ್ಟು ಟ್ರಿಮ್ ಯಾಕೆ ಬೇಕಾಯಿತು ಅಂತ ಕೇಳಿಕೊಳ್ಳಲೇ ಇಲ್ಲ. ಟ್ರಿಮ್ ಅನ್ನುವುದು ಒಂದು ವೇಗದಲ್ಲಿ ಮಾತ್ರ ಸರಿದೂಗಿಸುತ್ತದೆ. ವೇಗವಿದ್ದಾಗ ಎಲ್ಲ ಸರಿ ಅನ್ನಿಸುತ್ತದೆ. ಇಳಿಸಲು ಥ್ರಾಟಲ್ ತಗ್ಗಿಸಿ ಮೂತಿ ಎತ್ತಿದಾಗ ಎರಡೂ ರೆಕ್ಕೆಯ ಕೋನ ಒಟ್ಟಿಗೇ ಏರುತ್ತದೆ, ಆಗ ಮೊದಲೇ ಮೂತಿ ಎತ್ತಿಕೊಂಡಿರುವ ತುದಿ ಮೊದಲು ಸೋಲುತ್ತದೆ.

ಹಾಗೇ ಆಯಿತು. ಇಳಿಯಲು ಕೊನೆಯ ತಿರುವು, ತೋಟದ ಅಂಚಿನ ಮೇಲೆ. ಎಡ ರೆಕ್ಕೆ ತಟ್ಟನೆ ಬಿತ್ತು. ಯಾರಾದರೂ ಮಾಡುವ ಹಾಗೆ ನಾನು ರಿಮೋಟಿನ ಕಡ್ಡಿಯನ್ನು ಬಲಕ್ಕೆ ಎಳೆದೆ. ಬಲಕ್ಕೆ ಎಳೆದರೆ ಎಡ ಏಲರಾನ್ ಕೆಳಗಿಳಿಯುತ್ತದೆ, ಆಗಲೇ ಸೋತ ತುದಿ ಇನ್ನೂ ಸೋಲುತ್ತದೆ. ಆ ಹೊತ್ತಿನಲ್ಲಿ ಮಾಡಬೇಕಾದದ್ದು ಮೂತಿ ಎತ್ತುವ ಎಲಿವೇಟರ್ ಬಿಟ್ಟು, ಥ್ರಾಟಲ್ ಕೊಟ್ಟು, ಬಾಲದ ರಡ್ಡರ್‌ನಲ್ಲಿ ರೆಕ್ಕೆ ಮೇಲೆತ್ತುವುದು. ಅಷ್ಟು ಎತ್ತರವೂ ಇರಲಿಲ್ಲ. ಸಿಲ್ವರ್ ಓಕ್ ಮರಕ್ಕೆ ಬಡಿದು, ರೆಕ್ಕೆ ಕಾಳುಮೆಣಸಿನ ಬಳ್ಳಿಯಲ್ಲಿ ಸಿಕ್ಕಿಕೊಂಡಿತು. ಎಂಜಿನ್ ಸಮೇತ ಮುಂಭಾಗ ಹಣ್ಣು ಕೊಯ್ಯುತ್ತಿದ್ದ ಸಾಲಿನೊಳಗೆ ಹೋಗಿ ಬಿತ್ತು. ಅಲ್ಲಿಂದ ಹತ್ತು ಮಾರು ದೂರದಲ್ಲಿ ಹೆಂಗಸರು ಕೊಯ್ಯುತ್ತಿದ್ದರು. ಯಾರಿಗೂ ಏನೂ ಆಗಲಿಲ್ಲ. ಆದರೆ ಆ ಕೂಗು ನನಗೆ ಈಗಲೂ ಕೇಳಿಸುತ್ತದೆ. ದೊಡ್ಡಪ್ಪ ಬೈಯಲಿಲ್ಲ. “ಮಗಾ, ತೋಟದಲ್ಲಿ ಆಳು ಇರೋವಾಗ ಇನ್ನು ಇದು ಬೇಡ” ಅಂದರು. ಆ ಮಾತನ್ನು ಇವತ್ತಿನವರೆಗೂ ಮೀರಿಲ್ಲ.

ಮೆಣಸು ಕೊಯ್ಯುವ ಹುಡುಗ ಒಂಟಿ ಬಿದಿರಿನ ಏಣಿ ಹಾಕಿ ರೆಕ್ಕೆ ಇಳಿಸಿಕೊಟ್ಟ. ಅದನ್ನು ಜಗಲಿಯಲ್ಲಿ ಇಟ್ಟಿದ್ದಾಗ ಬಾಗಿಲ ಚೌಕಟ್ಟು ಸರಿ ಮಾಡಲು ಬಂದಿದ್ದ ಆಚಾರಿ ನೋಡಿದರು. ಎರಡು ನೇರವಾದ ರೀಪು ತೆಗೆದುಕೊಂಡು ಒಂದನ್ನು ರೆಕ್ಕೆಯ ಬುಡದಲ್ಲಿ, ಇನ್ನೊಂದನ್ನು ತುದಿಯಲ್ಲಿ ಅಡ್ಡಕ್ಕೆ ಇಟ್ಟು, ಒಂದು ಕಣ್ಣು ಮುಚ್ಚಿ ಹಿಂದಿನಿಂದ ನೋಡಿ, “ಅಣ್ಣಾ, ಇದು ಮುರಿಯೋ ಮೊದಲೇ ತಿರುಚಿತ್ತು” ಅಂದರು. ನಾನೂ ಬಗ್ಗಿ ನೋಡಿದೆ. ಎರಡು ರೀಪುಗಳ ಅಂಚು ಒಂದಕ್ಕೊಂದು ಸೇರುತ್ತಲೇ ಇರಲಿಲ್ಲ, ತುದಿಯದು ಮುಂದಕ್ಕೆ ಎದ್ದು ನಿಂತಿತ್ತು. ಮರದ ಹಲಗೆ ನೋಡುವ ಈ ಪರೀಕ್ಷೆಗೆ ಖರ್ಚಿಲ್ಲ, ಒಂದು ನಿಮಿಷ ಸಾಕು. ಶೀಟಿಂಗ್ ಮುಚ್ಚುವ ಮೊದಲು ಮಾಡಿದ್ದರೆ ರೆಕ್ಕೆಯನ್ನು ಹಲಗೆಗೆ ಮತ್ತೆ ಬಿಗಿದು ಸರಿಮಾಡಬಹುದಿತ್ತು.

ಆದ್ದರಿಂದ ನನ್ನ ಅಭಿಪ್ರಾಯ ನೇರವಾಗಿ: ಬಾಲ್ಸಾನೋ ಫೋಮೋ ಅನ್ನುವುದು ನಿಮಗೆ ಈಗ ಬೇಕಾದ ಪ್ರಶ್ನೆಯೇ ಅಲ್ಲ. ಕೊಡಗಿನಲ್ಲಿ ರೆಕ್ಕೆ ಕಟ್ಟುವುದು ಬೇಸಿಗೆಯಲ್ಲಿ, ಜನವರಿಯಿಂದ ಏಪ್ರಿಲ್‌ವರೆಗೆ. ಮಳೆಗಾಲಕ್ಕೆ ಬೇರೆ ಕೆಲಸ ಇಟ್ಟುಕೊಳ್ಳಿ: ಕಾಕ್‌ಪಿಟ್, ಪೈಲಟ್ ಗೊಂಬೆ, ಸರ್ವೋ (ಏಲರಾನ್‌ನಂಥವನ್ನು ಆಡಿಸುವ ಪುಟ್ಟ ಮೋಟಾರ್) ಜೋಡಣೆ. ಮುಖ್ಯವಾಗಿ ಕಂಪ್ಯೂಟರ್‌ನಲ್ಲಿ ಸಿಮ್ಯುಲೇಟರ್, ನಿಮ್ಮದೇ ರಿಮೋಟ್ ಜೋಡಿಸಿ, ಎಡಗಡೆಯಿಂದ ಬಂದು ಇಳಿಸುವುದು, ಬಲಗಡೆಯಿಂದ ಬಂದು ಇಳಿಸುವುದು, ಬೇಸರ ಬರುವಷ್ಟು. ಮಳೆಯಲ್ಲೇ ಏನಾದರೂ ಅಂಟಿಸಲೇಬೇಕೆಂದರೆ ನೀರಿನ ಅಂಟು ಬೇಡ, ಎಪಾಕ್ಸಿ ಹಚ್ಚಿ. ಕಟ್ಟಿದ ಭಾಗವನ್ನು ಹಲಗೆಯಿಂದ ಬಿಡಿಸದೆ ಹಾಗೇ ಇಡಿ, ಅಟ್ಟಕ್ಕೆ ಮಾತ್ರ ಏರಿಸಬೇಡಿ. ಶೀಟ್ ಹಾಕದ, ಬರೀ ಕವರಿಂಗ್ (ಬಿಸಿಗೆ ಬಿಗಿಯುವ ತೆಳು ಹಾಳೆ) ಇರುವ ರೆಕ್ಕೆ ಸ್ವಲ್ಪ ತಿರುಚಿದರೆ ಎದುರು ದಿಕ್ಕಿಗೆ ತಿರುಚಿ ಹಿಡಿದು ಹೀಟ್ ಗನ್ ಆಡಿಸಿದರೆ ನಿಲ್ಲುತ್ತದೆ. ಶೀಟ್ ಹಾಕಿದ್ದಕ್ಕೆ ಆ ಉಪಾಯ ನಡೆಯುವುದಿಲ್ಲ. ಮತ್ತೆ, ಹೊಸ ವಿಮಾನಕ್ಕೆ ಟ್ರಿಮ್ ನಾಲ್ಕೈದು ಕ್ಲಿಕ್‌ಗಿಂತ ಹೆಚ್ಚು ಬೇಕಾದರೆ ಕೂಡಲೇ, ವೇಗ ಇಟ್ಟುಕೊಂಡೇ ಇಳಿಸಿ, ರೀಪು ಇಟ್ಟು ರೆಕ್ಕೆ ನೋಡಿ.

ವಿಮಾನದ ಆಯ್ಕೆಗೆ ಬಂದರೆ, ನೀವು ಕೇಳಿದ ಎರಡೂ ಬೇಡ ಅನ್ನುತ್ತೇನೆ. ಟ್ರೇನರ್ ಹಾರಿಸಿದ್ದೀರೋ ಇಲ್ಲವೋ ಬರೆದಿಲ್ಲ. ಇಲ್ಲದಿದ್ದರೆ ಮೊದಲು ರೆಕ್ಕೆ ಮೇಲಿರುವ ಫೋಮ್ ಟ್ರೇನರ್, ಬೇಕೆಂದ ಜಾಗದಲ್ಲಿ ಇಳಿಸಲು ಬರುವವರೆಗೂ. ಆಮೇಲೆ ಅದೇ ಕಾಲದ ಇನ್ನೊಂದು ಯುದ್ಧವಿಮಾನ ಹಾಕರ್ ಹರಿಕೇನ್ ಕಟ್ಟಿ. ಅದರ ರೆಕ್ಕೆ ದಪ್ಪ, ತುದಿ ಅಗಲ, ನಿಧಾನ ವೇಗದಲ್ಲಿ ಸಭ್ಯವಾಗಿ ನಡೆದುಕೊಳ್ಳುತ್ತದೆ. ಚಕ್ರಗಳು ದೂರದೂರ. ಸ್ಪಿಟ್‌ಫೈರ್‌ನ ಚಕ್ರಗಳು ಹತ್ತಿರ ಹತ್ತಿರ ಇರುವುದರಿಂದ ಏರುಪೇರಿನ ನೆಲದಲ್ಲಿ ಪಕ್ಕಕ್ಕೆ ಮಗುಚುತ್ತದೆ.

ಹರಿಕೇನ್ ಅಂದರೆ ಸ್ಪಿಟ್‌ಫೈರ್‌ನಷ್ಟು ಚಂದ ಇಲ್ಲ ಅಂತ ಬೇಸರ ಮಾಡಿಕೊಳ್ಳಬೇಡಿ. 1944ರಲ್ಲಿ ಇಂಫಾಲದಲ್ಲಿ ಅರ್ಜನ್ ಸಿಂಗ್ ಮುಂದಾಳುತನದಲ್ಲಿ ನಮ್ಮ ವಾಯುಪಡೆಯ 1ನೇ ಸ್ಕ್ವಾಡ್ರನ್ ಹಾರಿಸಿದ್ದು ಹರಿಕೇನನ್ನೇ. ಅದೇ ಸ್ಕ್ವಾಡ್ರನ್ 1965ರ ಸೆಪ್ಟೆಂಬರ್ 7ರಂದು ಮಿಸ್ಟೇರ್ ವಿಮಾನಗಳಲ್ಲಿ ಪಾಕಿಸ್ತಾನದ ಸರ್ಗೋಧಾ ಮೇಲೆ ದಾಳಿಗೆ ಹೋದಾಗ ಜೊತೆಗಿದ್ದವರು ನಮ್ಮ ಕೊಡಗಿನ ಅಜ್ಜಮಾಡ ದೇವಯ್ಯ. ತಮ್ಮದಕ್ಕಿಂತ ಎಷ್ಟೋ ವೇಗದ ಪಾಕಿಸ್ತಾನಿ ಸ್ಟಾರ್‌ಫೈಟರ್ ಜೆಟ್ಟನ್ನು ಎದುರಿಸಿ ಕೆಡವಿ, ತಾವೂ ಮರಳಲಿಲ್ಲ. ಮಹಾವೀರ ಚಕ್ರ ಬಂದದ್ದು 1988ರಲ್ಲಿ. ಮಡಿಕೇರಿಯಲ್ಲಿ ಅವರ ಹೆಸರಿನ ವೃತ್ತದ ಮುಂದೆ ಹಾದುಹೋಗುವ ಪ್ರತಿ ಸಲವೂ ಒಂದು ಮಿಸ್ಟೇರ್ ಕಟ್ಟಬೇಕು ಅನ್ನಿಸುತ್ತದೆ. ಹಿಂದಕ್ಕೆ ಬಾಗಿದ ರೆಕ್ಕೆಯ ಜೆಟ್ ಅದು, ತುದಿ ಸೋಲುವ ತೊಂದರೆ ಸ್ಪಿಟ್‌ಫೈರ್‌ಗಿಂತಲೂ ಹೆಚ್ಚು. ಅದಕ್ಕೆ ತಕ್ಕ ಕೈ ನನಗೆ ಬರಲಿ ಅಂತ ಕಾಯುತ್ತಿದ್ದೇನೆ.

ಅಳತೆ ದೊಡ್ಡದು ಬೇಡ. ರೆಕ್ಕೆ 48ರಿಂದ 50 ಅಂಗುಲ, ತೂಕ ಒಂದೂವರೆ ಕೆಜಿ ಒಳಗೆ. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1150 ಮೀಟರ್ ಮೇಲಿದೆ, ಅಲ್ಲಿ ಗಾಳಿಯ ಸಾಂದ್ರತೆ ಶೇ. 10ರಷ್ಟು ಕಡಿಮೆ. ಮಂಗಳೂರಿನ ಗೆಳೆಯನ ವಿಮಾನ ಯಾವ ವೇಗದಲ್ಲಿ ಇಳಿಯುತ್ತದೋ, ಅದೇ ವಿಮಾನ ನಿಮ್ಮಲ್ಲಿ ಶೇ. 5–6ರಷ್ಟು ಹೆಚ್ಚು ವೇಗದಲ್ಲಿ ಇಳಿಯಬೇಕು. ಕೇಳಲು ಸಣ್ಣದು, ಆದರೆ ಗದ್ದೆಯ ಉದ್ದ ಅಷ್ಟೇ ಇರುತ್ತದಲ್ಲ. ಪ್ರತಿ ಗ್ರಾಂ ಉಳಿಸಿ, ಬಣ್ಣ ತೆಳ್ಳಗೆ ಹೊಡೆಯಿರಿ. ಕುಶಾಲನಗರ ಕಡೆ ಪರಿಚಯದವರಿದ್ದರೆ ಅಲ್ಲೇ ಹಾರಿಸಿ, ನೆಲ ಸಮತಟ್ಟು, ಎತ್ತರವೂ ಮಳೆಯೂ ಕಡಿಮೆ. ಗುಡ್ಡದ ಅಂಚಿನಲ್ಲಿ ಗಾಳಿ ಸುಳಿಯುತ್ತದೆ, ರಾಜಾಸೀಟಿನಂಥ ಪ್ರವಾಸಿಗರ ಜಾಗದ ಹತ್ತಿರವಂತೂ ಯೋಚನೆಯನ್ನೇ ಮಾಡಬೇಡಿ.

ಎಂಜಿನ್ ಬಗ್ಗೆ ಕೇಳಿದ್ದಿರಿ. ಇಂಧನದಲ್ಲಿ ಓಡುವ ಗ್ಲೋ ಎಂಜಿನ್ನಿನ ಸದ್ದು ನನಗೆ ಪ್ರಾಣ, ಆದರೂ ನಿಮಗೆ ಎಲೆಕ್ಟ್ರಿಕ್ ಮೋಟಾರೇ ಸರಿ. ಗ್ಲೋ ಇಂಧನದಲ್ಲಿ ಹೆಚ್ಚಿನ ಪಾಲು ಮೆಥನಾಲ್, ಅದು ಗಾಳಿಯ ತೇವ ಹೀರುತ್ತದೆ. ನಮ್ಮಲ್ಲಿ ಕ್ಯಾನ್ ಮುಚ್ಚಳ ಸಡಿಲವಿದ್ದರೆ ಎಂಜಿನ್ ನಡುವೆಯೇ ನಿಲ್ಲತೊಡಗುತ್ತದೆ. ಎತ್ತರಕ್ಕೆ ತಕ್ಕಂತೆ, ಇಂಧನದ ಹರಿವನ್ನು ಹಿಡಿತದಲ್ಲಿಡುವ ನೀಡಲ್ ಕೂಡ ಮತ್ತೆ ಹೊಂದಿಸಬೇಕು. ಇನ್ನೊಂದು ಲಾಭ: ಆ ಕಾಲದ ಫೈಟರ್‌ಗಳಿಗೆ ಮೂತಿ ಚಿಕ್ಕದು, ಮುಂಭಾರ ಸಾಲದೆ ಸೀಸ ತುಂಬಬೇಕಾಗುತ್ತದೆ. ಬ್ಯಾಟರಿಯನ್ನು ಮುಂದಕ್ಕೆ ತಳ್ಳಿದರೆ ಅದೇ ಸೀಸದ ಕೆಲಸ ಮಾಡುತ್ತದೆ. ಪ್ಲಾನ್‌ನಲ್ಲಿ ಗುರುತು ಹಾಕಿದ ಜಾಗದಲ್ಲಿ ಬೆರಳಿಟ್ಟು ಎತ್ತಿದಾಗ ಮೂತಿ ಸ್ವಲ್ಪ ಕೆಳಗೆ ವಾಲಬೇಕು, ಬಾಲ ವಾಲಿದರೆ ಹಾರಿಸಬೇಡಿ.

ಮೊದಲ ವರ್ಷ ಚಕ್ರವೇ ಬೇಡ. ಹೊಟ್ಟೆಗೆ ತೆಳು ಪ್ಲೈವುಡ್ ಪಟ್ಟಿ ಅಂಟಿಸಿ, ಮಡಚುವ ಪ್ರೊಪೆಲ್ಲರ್ ಹಾಕಿ, ಗೆಳೆಯನ ಕೈಯಲ್ಲಿ ಎಸೆಸಿ, ಕೂಳೆ ಗದ್ದೆಯಲ್ಲಿ ಹೊಟ್ಟೆ ಮೇಲೆ ಇಳಿಸಿ. 2021ರ ಡ್ರೋನ್ ನಿಯಮಗಳ ಪ್ರಕಾರ 25 ಕೆಜಿವರೆಗಿನ, ಕಣ್ಣಿಗೆ ಕಾಣುವ ದೂರದಲ್ಲೇ ಹಾರಿಸುವ ಹವ್ಯಾಸದ ಮಾಡೆಲ್‌ಗೆ ಟೈಪ್ ಸರ್ಟಿಫಿಕೇಟ್ (ವಿಮಾನದ ಮಾದರಿಗೆ ಸರ್ಕಾರದ ಒಪ್ಪಿಗೆ) ಬೇಕಿಲ್ಲ. ಆದರೆ ಜಾಗ ಹಾರಿಸಬಹುದಾದ ವಲಯದಲ್ಲಿದೆಯೋ ಇಲ್ಲವೋ ಅಂತ ಸರ್ಕಾರದ ನಕ್ಷೆಯಲ್ಲಿ ನೋಡಿಕೊಳ್ಳಿ. ಗದ್ದೆಯ ಯಜಮಾನರನ್ನು ಕೇಳಿ, ಪಕ್ಕದ ತೋಟದವರಿಗೂ ಹೇಳಿ, ಅವತ್ತು ಕೊಯ್ಲಿಗೆ ಆಳು ಬಂದಿದ್ದರೆ ವಿಮಾನವನ್ನು ಕಾರಿನಿಂದ ಇಳಿಸಲೇಬೇಡಿ.